ಶಿಳ್ಳೆ ಎಣಿಸುವವರು

ಯೋಂಗ್ಸಾನಿನ ಎಲೆಕ್ಟ್ರಾನಿಕ್ಸ್ ಸಂತೆ, ಮೂರನೆಯ ಮಹಡಿ.
ಎಸ್ಕಲೇಟರು ಕೆಟ್ಟು ವಾರವಾಗಿದೆ.
ಹತ್ತಿ ಬಂದ ಹುಡುಗನ ಕನ್ನಡಕದ ತುಂಬ ಮಂಜು.
ಒರೆಸಿಕೊಳ್ಳದೆಯೇ ಕೇಳಿದ:
"ಮೂರು ಪಾಯಿಂಟ್ ಎಂಟು ಇದೆಯಾ?"

ಹೆಸರು ಇನ್‌ಹಾಕ್. ಬಾದುಕ್ ಶಾಲೆಯಲ್ಲಿ
ಮೂರು ಸಲ ಪರೀಕ್ಷೆಗೆ ಕೂತು ಮೂರು ಸಲ ಜಾರಿದವನು.
ಕಪ್ಪು ಕಲ್ಲು ಬಿಳಿ ಕಲ್ಲಿನ ಆ ಆಟವನ್ನು
ರಾತ್ರಿಯಿಡೀ ಬೇಸರಿಸದೆ ಆಡುವ ಯಂತ್ರ ಬೇಕಂತೆ.
ದುಡ್ಡು ಅಕ್ಕನ ಬೋನಸ್ಸು. ಲಕೋಟೆಯ ಅಂಚು
ಎಣಿಸಿ ಎಣಿಸಿ ಮೆತ್ತಗಾಗಿತ್ತು.

ಇದೆ, ಎಂದೆ.
ಪಕ್ಕದಲ್ಲಿ ಎರಡು ಪಾಯಿಂಟ್ ಎರಡೂ ಇದೆ, ಬೇರೆ ಕಂಪನಿಯದು.
ಬೆಲೆ ಕಡಿಮೆ. ನಿನ್ನ ಕೆಲಸಕ್ಕೆ ಅದೇ ಬೇಗ.

ನಕ್ಕ. ಯಾರು ನಗುವುದಿಲ್ಲ?
ಮೂರಕ್ಕಿಂತ ಎರಡು ಹೆಚ್ಚೆನ್ನುವ ಅಂಗಡಿಯವಳು!

ನಾನು ಜೇಜು ದ್ವೀಪದವಳು, ಬೂ ಮನೆತನದ ಯೋಂಗ್‌ಸಿಮ್.
ನನ್ನವ್ವ ಮಲ್‌ಸೇಂಗ್ ಕಡಲಲ್ಲಿ ಮುಳುಗಿ ದುಡಿದವಳು.
ಕೊಳವೆಯಿಲ್ಲ, ಸಿಲಿಂಡರಿಲ್ಲ, ಎದೆಯಲ್ಲಿ ಹಿಡಿದ ಒಂದೇ ಉಸಿರು,
ಸೊಂಟಕ್ಕೆ ಸೀಸದ ಪಟ್ಟಿ, ಕೈಯಲ್ಲೊಂದು ಮೀಟುಗೋಲು.
ಮೇಲೆದ್ದು ಉಸಿರು ಬಿಟ್ಟರೆ
ಹೊಯ್ಯೆಂದು ಶಿಳ್ಳೆಯಂಥ ಸದ್ದು
ಅಲೆಯ ಬೆನ್ನೇರಿ ದಡಕ್ಕೆ ಬರುತ್ತಿತ್ತು.

ಕರಿಬಂಡೆಯ ಮೇಲೆ ಕೂತು ಎಣಿಸುತ್ತಿದ್ದೆ.
ಪಕ್ಕದ ಮನೆಯವಳದು ಗಂಟೆಗೆ ಐವತ್ತು ಶಿಳ್ಳೆ,
ಅವ್ವನದು ಮೂವತ್ತೂ ಇಲ್ಲ.
ಮಗ್ಗದ ಲಾಳಿಯಂತೆ ಆಕೆ,
ನೆನೆದ ಹಗ್ಗದಂತೆ ನನ್ನವ್ವ.
ನಾಚಿಕೆಯಿಂದ ನಾನು ಬೇರೆ ಬಂಡೆಗೆ ಹೋಗಿ ಕೂರುತ್ತಿದ್ದೆ.

ಸಂಜೆಯ ತಕ್ಕಡಿಗೆ ಶಿಳ್ಳೆ ಕೇಳಿಸುವುದಿಲ್ಲ.
ಅವ್ವನ ಬಲೆಚೀಲವಿಟ್ಟರೆ ಮುಳ್ಳು ಗೋಣು ಮುರಿದುಕೊಳ್ಳುತ್ತಿತ್ತು.

ಹೇಗೆ? ಒಂದು ಮುಳುಗಿಗೆ ಆಕೆಗೆ ಒಂದು ಚಿಪ್ಪು, ಅವ್ವನಿಗೆ ಮೂರು.
ಯಾವ ಬಿರುಕಿನಲ್ಲಿ ಏನಿದ್ದೀತೆಂದು
ನಿನ್ನೆಯ ನೀರನ್ನು ನೆನಪಿಟ್ಟುಕೊಂಡೇ ಇಳಿಯುವಳು.
ಊಹೆ ತಪ್ಪಿ ಬರಿಗಲ್ಲು ತಿರುವಿದರೆ
ಆ ಉಸಿರಿಡೀ ದಂಡ,
ಆಳಕ್ಕಿಳಿದಷ್ಟೂ ದೊಡ್ಡ ದಂಡ.
ಮತ್ತೆ ಆ ತೇಲುಬುರುಡೆ: ಅವ್ವನದು ಕೈಗೆಟಕುವಷ್ಟು ಹತ್ತಿರ.
ಆಕೆಯದೋ ದೂರ ತೇಲಿ ಹೋಗಿರುತ್ತಿತ್ತು.
ಈಜಿ ಹೋಗುವಾಗಲೂ ಶಿಳ್ಳೆ, ಬರುವಾಗಲೂ ಶಿಳ್ಳೆ.
ದಡದ ಮೇಲಿನ ದಡ್ಡಿ ಎಲ್ಲವನ್ನೂ ಎಣಿಸಿದ್ದಳು.

"ಚಿಪ್ಪಿನ ಕಥೆ ಬೇಡ, ಅಕ್ಕಾ," ಎಂದ ಇನ್‌ಹಾಕ್.

ಸರಿ, ಚಿಪ್ಪಿನದೇ ಕೇಳು, ಸಿಲಿಕಾನಿನ ಚಿಪ್ಪು.
ನೂರಾರು ಕೋಟಿ ಸಲ ಮಿಡಿಯುತ್ತದೆ ಸೆಕೆಂಡಿಗೆ, ನಿಜ.
ಒಂದು ಮಿಡಿತಕ್ಕೆ ಎಷ್ಟು ಕೆಲಸ? ಡಬ್ಬದ ಮೇಲಿಲ್ಲ.
ಮೆಮೊರಿಯಿಂದ ಒಂದು ಅಂಕಿ ಬರುವವರೆಗೆ
ಇನ್ನೂರು ಮಿಡಿತ ಸುಮ್ಮನೆ ಕೈಕಟ್ಟಿ ಕೂತರೂ
ಗಡಿಯಾರ ಓಡಿದ್ದೇ ಓಡಿದ್ದು.
ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ
ಕೆಲಸವಾಗದಿದ್ದರೂ ಕಾವು ಮಾತ್ರ ಏರುತ್ತದೆ.
ಆಮೇಲೆ ತನ್ನ ಕಾವಿಗೆ ತಾನೇ ಬೆದರಿ
ನಡಿಗೆ ತಗ್ಗಿಸುತ್ತದೆ.
ಪಕ್ಕದ ಮನೆಯವಳೂ ಹಾಗೆಯೇ, ದಿನಾ ಸಂಜೆ
ತಲೆನೋವಿನ ಪುಡಿ ನಾಲಿಗೆಗೆ ಸುರಿದುಕೊಂಡು ಮಲಗುವಳು.

ಸಂಖ್ಯೆ ಸುಳ್ಳೆಂದಲ್ಲ.
ಅವ್ವನೇ ಹತ್ತು ಸಲ ಹೆಚ್ಚು ಮುಳುಗಿದ ದಿನ
ಮನೆಯಲ್ಲಿ ಹಂದಿಮಾಂಸ ಬೇಯುತ್ತಿತ್ತು.
ಅವ್ವನನ್ನು ಅವ್ವನ ಜೊತೆ ಅಳೆದರೆ ಶಿಳ್ಳೆ ಸಾಕು.
ಬೇರೆಯವಳ ಜೊತೆಗಾದರೆ
ತಕ್ಕಡಿ ತರಬೇಕು.

ತಂದೆ. ಮೇಜಿನ ಮೇಲೆ ಎರಡನ್ನೂ ಹಚ್ಚಿದೆ,
ಅವನದೇ ಸಿ.ಡಿ., ಅವನು ಸೋತ ಕೊನೆಯ ಪಂದ್ಯದ ಸ್ಥಿತಿ.
"ಬಿಳಿಯ ಮುಂದಿನ ನಡೆ?"
ಎರಡು ಪಾಯಿಂಟ್ ಎರಡು ಉತ್ತರ ಕೊಟ್ಟು ಪರದೆ ಮಿನುಗಿಸಿತು.
ಮೂರು ಪಾಯಿಂಟ್ ಎಂಟು ಇನ್ನೂ ಫ್ಯಾನು ತಿರುಗಿಸುತ್ತ
ಸಾರ್ವಜನಿಕ ಸ್ನಾನಗೃಹದಂತೆ ಬಿಸಿಗಾಳಿ ಬಿಡುತ್ತಿತ್ತು.
ಹುಡುಗ ಯಂತ್ರಗಳನ್ನು ನೋಡಲೇ ಇಲ್ಲ.
ಪರದೆಯ ಮೇಲಿನ ಆ ಒಂದು ಕಲ್ಲನ್ನು ನೋಡಿದ.
"ಅಲ್ಲಿ ಇಡಬೇಕಿತ್ತು," ಎಂದ. ಬಹಳ ಹೊತ್ತು ಏನೂ ಹೇಳಲಿಲ್ಲ.

ಆಮೇಲೆ ಲಕೋಟೆ ಬಿಚ್ಚಿ
ಮೂರು ಪಾಯಿಂಟ್ ಎಂಟನ್ನೇ ಕೊಂಡ.
"ಶಾಲೆಯ ಹುಡುಗರು ಸಂಖ್ಯೆ ಕೇಳ್ತಾರೆ, ಅಕ್ಕಾ."
ನಾನು ವಾದಿಸಲಿಲ್ಲ. ದೊಡ್ಡ ಫ್ಯಾನೊಂದನ್ನು
ಪುಕ್ಕಟೆ ಸೇರಿಸಿ ಕಟ್ಟಿದೆ.

ಬಾಗಿಲೆಳೆಯುವ ಹೊತ್ತು. ಆರಿಸಲು ಮರೆತ ಯಂತ್ರ
ಕತ್ತಲಲ್ಲಿ ಹೊಯ್ಯೆನ್ನುತ್ತಿದೆ.
ಅಭ್ಯಾಸಬಲ, ಎಣಿಸತೊಡಗಿ,
ಹದಿನೇಳಕ್ಕೆ ಬಿಟ್ಟೆ.